ಎತ್ವ ಬಿದ್ದ ಕೋಣೆ

ಹೊಸದುರ್ಗದ ಜಂಪಣ್ಣನವರು ಇಪ್ಪತ್ತೆರಡು ವರ್ಷಗಳಲ್ಲಿ ಪ್ಲಾನು ಬರೆದುಕೊಟ್ಟ ಮನೆಗಳಲ್ಲಿ ಒಂದೂ ಬಿದ್ದಿಲ್ಲ. ಬಿದ್ದದ್ದು ಒಂದೇ ಒಂದು ಅಕ್ಷರದ ಕೊಂಡಿ. ಆದರೆ ಅದು ಬಿದ್ದ ಸದ್ದು ಬಾಗೂರಿನ ಆಚೆಗೂ ಕೇಳಿಸಿತು.

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಮಳಿಗೆ. ಹನ್ನೆರಡಕ್ಕೆ ಹತ್ತು ಅಡಿ. ಬಾಗಿಲಿಂದ ಒಳಗೆ ಬಂದರೆ ಎಡಕ್ಕೆ ಜಂಪಣ್ಣನವರ ಕಂಪ್ಯೂಟರು, ಬಲಕ್ಕೆ ಅವರ ಹೆಂಡತಿ ಶಾಂತಕ್ಕನ ಹೊಲಿಗೆ ಯಂತ್ರ. ಗಂಡಸರು ಮನೆಯ ಅಳತೆ ಕೊಡಲು ಎಡಕ್ಕೆ ಹೋಗುತ್ತಿದ್ದರು, ಅವರ ಹೆಂಡತಿಯರು ರವಿಕೆಯ ಅಳತೆ ಕೊಡಲು ಬಲಕ್ಕೆ ಬರುತ್ತಿದ್ದರು. ಎರಡು ಕಡೆಯೂ ಅಳತೆ ಒಂದೇ ಸಲಕ್ಕೆ ಸರಿಹೋದದ್ದಿಲ್ಲ. ಬಲಗಡೆಯ ತಪ್ಪನ್ನಾದರೂ ಬಿಚ್ಚಿ ಹೊಲಿಯಬಹುದಲ್ಲ ಎಂಬ ಸಮಾಧಾನ ಶಾಂತಕ್ಕನಿಗಿತ್ತು.

ಇಷ್ಟು ವರ್ಷವೂ ಜಂಪಣ್ಣನವರ ಪ್ಲಾನುಗಳಲ್ಲಿ ಬೆಡ್‌ರೂಮು, ಕಿಚನ್ನು ಎಲ್ಲವೂ ಇಂಗ್ಲಿಷಿನಲ್ಲೇ ಇರುತ್ತಿದ್ದವು. ಕಂಪ್ಯೂಟರು ತಾನಾಗಿ ಕೊಡುವ ಅಕ್ಷರ, ಬೆಂಕಿಕಡ್ಡಿ ಜೋಡಿಸಿದ ಹಾಗೆ. ಯಾರೂ ದೂರಿರಲಿಲ್ಲ. ಅಷ್ಟರಲ್ಲಿ ಚೇತನ್‌ಕುಮಾರ್ ಎಂಬ ಹೊಸ ಎಂಜಿನಿಯರು ಊರಿಗೆ ಬಂದು ಆಫೀಸು ತೆರೆದ. ಅವನ ಪ್ಲಾನೊಂದನ್ನು ಜೆರಾಕ್ಸ್ ಅಂಗಡಿಯವರು ಗೋಡೆಗೆ ಅಂಟಿಸಿಕೊಂಡರು. ಅದರಲ್ಲಿ ಅಕ್ಷರಗಳು ಒಂದಕ್ಕೊಂದು ಒರಗಿಕೊಂಡು, ಸಂಜೆ ವಾಕಿಂಗ್ ಹೊರಟವರಂತೆ ನಿಂತಿದ್ದವು. ಬಂದವರೆಲ್ಲ ಮನೆಯನ್ನು ಬಿಟ್ಟು ಅಕ್ಷರವನ್ನು ಹೊಗಳತೊಡಗಿದರು. ಜಂಪಣ್ಣನವರು ಅದನ್ನು ಕದ್ದು ನೋಡಲು ವಾರದಲ್ಲಿ ಒಂಬತ್ತು ಸಲ ಆ ಅಂಗಡಿಗೆ ಹೋದರು. ಪ್ರತಿ ಸಲವೂ ಏನಾದರೊಂದು ನೆಪ ಬೇಕಲ್ಲ. ಹೀಗಾಗಿ ಶಾಂತಕ್ಕನ ಮನೆಯಲ್ಲಿ ಈಗ ಜಂಪಣ್ಣನವರ ಆಧಾರ್ ಕಾರ್ಡಿನ ಒಂಬತ್ತು ಜೆರಾಕ್ಸ್ ಪ್ರತಿಗಳಿವೆ.

ಈ ಹೊಟ್ಟೆಯುರಿ ಹದವಾಗಿ ಕಾದಿದ್ದ ದಿನವೇ ಮುರುಗಪ್ಪನವರು ಬಂದರು. ಬಾಗೂರಿನ ಆಚೆಗಿನ ಹಳ್ಳಿಯವರು, ಕೊಬ್ಬರಿ ವ್ಯಾಪಾರ, ಜೋರು ದನಿ. ಸೋಮವಾರ ಹೊಸ ಮನೆಗೆ ಗುದ್ದಲಿ ಪೂಜೆ. ಪ್ಲಾನಿನ ಗೆರೆಗಳೆಲ್ಲ ಆಗಿದ್ದವು, ಹೆಸರು ಬರೆಯುವುದಷ್ಟೇ ಬಾಕಿ. ಮುರುಗಪ್ಪನವರು ಬೆರಳು ಮಡಚಿ ಹೇಳಿದರು. ತಮ್ಮ ಲೆಕ್ಕಪತ್ರಕ್ಕೊಂದು ಯಜಮಾನರ ಕೋಣೆ, ಮದುವೆಯಾಗಲಿರುವ ದೊಡ್ಡ ಮಗನಿಗೊಂದು ಮಲಗುವ ಕೋಣೆ, ಉಳಿದ ಮಕ್ಕಳಿಗೊಂದು, ಬೀಗರು ಬಂದರೆ ಅತಿಥಿ ಕೋಣೆ. ಕಿರುಬೆರಳು ಮಡಚದೆ ಉಳಿಯಿತು. ಅದಕ್ಕೆ ಉಗ್ರಾಣ ಎಂದರು.

ಅವರ ಹಿಂದೆ ನಿಂತಿದ್ದ ಹೆಂಡತಿ ಪಾರ್ವತಮ್ಮ ಮೊದಲ ಬಾರಿಗೆ ಬಾಯಿ ತೆರೆದರು.

"ಹೆಸರೆಲ್ಲಾ ಕನ್ನಡದಾಗೆ ಬರೆದು ಕೊಡ್ರಿ. ನನಗೂ ಓದಾಕೆ ಬರಬೇಕು."

ಮುರುಗಪ್ಪನವರು ಇದೊಂದು ಹೆಂಗಸರ ಚಪಲ ಎಂಬಂತೆ ನಕ್ಕರು. ಆದರೂ ಕನ್ನಡದಲ್ಲಿ, ಚೇತನ್‌ಕುಮಾರನ ಪ್ಲಾನಿಗಿಂತ ಚೆಂದದ ಅಕ್ಷರದಲ್ಲಿ ಬರೆಯಬೇಕು, ಆಗದಿದ್ದರೆ ಈಗಲೇ ಹೇಳಿಬಿಡಿ, ಅವನ ಆಫೀಸು ಹತ್ತಿರದಲ್ಲೇ ಐತೆ ಎಂದರು. ಚೇತನ್‌ಕುಮಾರ್ ಎಂಬ ಹೆಸರು ಬೀಳುತ್ತಲೇ ಜಂಪಣ್ಣನವರು ಕುರ್ಚಿಯಿಂದ ಎದ್ದು ನಿಂತು ಮಾತು ಕೊಟ್ಟರು. ಕಂಪ್ಯೂಟರಿಗೆ ಕನ್ನಡ ಬರುತ್ತದೋ ಇಲ್ಲವೋ ಎಂಬುದು ಅವರಿಗೇ ಗೊತ್ತಿರಲಿಲ್ಲ.

ಅತ್ತ ಎಡಗಡೆ ಈ ಶಪಥ ನಡೆಯುತ್ತಿದ್ದಾಗ ಇತ್ತ ಬಲಗಡೆ ಪಾರ್ವತಮ್ಮ ರವಿಕೆಯ ಅಳತೆಗೆಂದು ಕೈ ಚಾಚಿ ನಿಂತರು. ಶಾಂತಕ್ಕ ತೋಳಿನ ಸುತ್ತಳತೆ ಹಿಡಿದಾಗ ಪಾರ್ವತಮ್ಮ ದನಿ ತಗ್ಗಿಸಿದರು. ಇಪ್ಪತ್ತೆಂಟು ವರ್ಷದಿಂದ ಪಡಸಾಲೆಯಲ್ಲಿ ಕೊಬ್ಬರಿ ಚೀಲದ ಪಕ್ಕ ಮಲಗಿದ್ದೇನೆ, ಸೀರೆ ಬದಲಾಯಿಸಲೂ ಅಡುಗೆಮನೆಯ ಬಾಗಿಲ ಮರೆ ಬೇಕು ಎಂದರು.

"ಆ ಉಗ್ರಾಣ ಐತಲ್ಲ ಶಾಂತಕ್ಕ, ಅದು ನನಗಾದ್ರೆ ಸಾಕು. ಬಾಗಿಲು ಹಾಕ್ಕಂಡು ಒಂದು ಗಳಿಗೆ ಸುಮ್ನೆ ಕುಂತ್ಕಳಾಕೆ. ಅವರ ಮುಂದೆ ಹೇಳಾಕೆ ಬಾಯಿ ಬರಲ್ಲ. ಬರೆದಿದ್ರೆ ಅದೇ ಹೇಳ್ತೈತೆ."

ಶಾಂತಕ್ಕ ಟೇಪನ್ನು ಸುತ್ತಿಡುವುದನ್ನೇ ಮರೆತು ನಿಂತಳು. ಅವಳಿಗೂ ಈ ಲೋಕದಲ್ಲಿದ್ದದ್ದು ಹನ್ನೆರಡಕ್ಕೆ ಹತ್ತರಲ್ಲಿ ಅರ್ಧ, ಅದರಲ್ಲೂ ಕಾಲು ಭಾಗವನ್ನು ಹೊಲಿಗೆ ಯಂತ್ರ ತಿಂದಿತ್ತು.

ಅವರು ಹೋದ ಮೇಲೆ ಶಾಂತಕ್ಕ ವಿಷಯವನ್ನು ಎಡಗಡೆಗೆ ದಾಟಿಸಿದಳು. ಜಂಪಣ್ಣನವರು ಹೆದರಿದರು. ಯಜಮಾನರು ಉಗ್ರಾಣ ಎಂದಿರುವಾಗ ತಾನು ಹೇಗೆ ಬದಲಾಯಿಸುವುದು, ವೃತ್ತಿಧರ್ಮ ಎಂಬುದೊಂದಿದೆ ಎಂದರು.

"ಗೋಡೆ ಸರಿಸ್ಬೇಕಾ? ಕಿಟಕಿ ಕೀಳ್ಬೇಕಾ?" ಶಾಂತಕ್ಕ ಕೇಳಿದಳು. "ಹೆಸರು ತಾನೇ ಬರೆಯೋದು. ಬರೀರಿ."

ವೃತ್ತಿಧರ್ಮ ಅಲ್ಲಿಗೆ ಮುಗಿಯಿತು. ಉಗ್ರಾಣವನ್ನು ಅಳಿಸಿ ಜಂಪಣ್ಣನವರು 'ಪಾರ್ವತಮ್ಮನವರ ಕೋಣೆ' ಎಂದು ಟೈಪಿಸಿದರು. ಪರದೆಯ ಮೇಲೆ ಬಂದದ್ದು ಸಾಲು ಪ್ರಶ್ನಾರ್ಥಕ ಚಿಹ್ನೆ. ಅಡುಗೆ ಮನೆ ಎಂದು ಹೊಡೆದರೂ ಪ್ರಶ್ನೆ, ದೇವರ ಮನೆ ಎಂದರೂ ಪ್ರಶ್ನೆ. ಇಡೀ ಮನೆ ಪ್ರಶ್ನೆಪತ್ರಿಕೆಯಂತಾಯಿತು. ಶಾಂತಕ್ಕ ಇಣುಕಿ ನೋಡಿ, ಕಂಪ್ಯೂಟರು ಸರಿಯಾಗೇ ಕೇಳುತ್ತಿದೆ, ಮೊದಲು ಅದಕ್ಕೆ ಉತ್ತರ ಕೊಡಿ ಎಂದಳು.

ಉತ್ತರ ಇದ್ದದ್ದು ಲಗ್ನಪತ್ರಿಕೆಯ ಪ್ರೆಸ್ಸಿನ ಪ್ರದೀಪನ ಬಳಿ. ಕಂಪ್ಯೂಟರಿಗೆ ಕನ್ನಡದ ಫಾಂಟು ಹಾಕಬೇಕು, ಅಂದರೆ ಅಕ್ಷರದ ಅಚ್ಚು, ಎಂದು ತಿಳಿಸಿ ಅವನು ಒಂದು ಪೆನ್‌ಡ್ರೈವ್ ಕೊಟ್ಟ. ಅದರಲ್ಲಿ ನಾನೂರ ಹನ್ನೆರಡು ಬಗೆಯ ಅಕ್ಷರಗಳಿದ್ದವು. ಬೇಕಾದ ಒಂದನ್ನು ಹಾಕಿಕೊಳ್ಳಿ ಎಂದು ಅವನು ಹೇಳಿದ್ದ. ಆದರೆ ಜಂಪಣ್ಣನವರು ಮದುವೆಯೂಟಕ್ಕೆ ಕೂತವರು ಎಲೆಯ ತುದಿಯಿಂದ ತುದಿಯವರೆಗೆ ಬಡಿಸಿಕೊಳ್ಳುವಂತೆ ನಾನೂರ ಹನ್ನೆರಡನ್ನೂ ಹಾಕಿಬಿಟ್ಟರು. ಅಜೀರ್ಣವಾಯಿತು. ಅಲ್ಲಿಂದಾಚೆಗೆ ಕಂಪ್ಯೂಟರು ಪ್ಲಾನು ತೆರೆಯಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಶಾಂತಕ್ಕ ಮೂರು ಸೀರೆಗೆ ಫಾಲ್ಸ್ ಹಚ್ಚಿದಳು.

ಶುಕ್ರವಾರ ಇಡೀ ದಿನ ಆಯ್ಕೆ ನಡೆಯಿತು. ಜಂಪಣ್ಣನವರು ಒಂದೊಂದರಲ್ಲೂ ತಮ್ಮ ಹೆಸರನ್ನೇ ಬರೆದು ನೋಡಿದರು. 'ಪಲ್ಲಕ್ಕಿ' ಎಂಬ ಅಕ್ಷರದಲ್ಲಿ ಅವರ ಹೊಟ್ಟೆ ಮುಂದೆ ಬಂದಂತೆ ಕಂಡಿತು. 'ಮುತ್ತಿನಹಾರ'ದಲ್ಲಿ ಹೆಸರಿಗೆ ಸಿಡುಬು ಎದ್ದಂತಿತ್ತು. ಕೊನೆಗೆ ಮನಸ್ಸು ನಿಂತದ್ದು 'ನವವಧು' ಎಂಬುದರ ಮೇಲೆ. ಬಳುಕುವ ಅಕ್ಷರಗಳು. ಎ ಸ್ವರದ ಕೊಂಡಿ, ಶಾಲೆಯಲ್ಲಿ ಎತ್ವ ಎಂದು ಕಲಿಸಿದ್ದು, ಅದು ಅಕ್ಷರದ ನೆತ್ತಿಯ ಮೇಲೆ ಮುಂಗುರುಳಿನಂತೆ ಹಾರಾಡುತ್ತಿತ್ತು.

ಶಾಂತಕ್ಕನನ್ನು ಕರೆದು ತೋರಿಸಿದರು. ಅವಳು ಜವಳಿ ಅಂಗಡಿಯಲ್ಲಿ ಸೀರೆಯ ಅಂಚನ್ನು ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು.

"ಈ ಎತ್ವ ಒಂದೆಳೆ ದಾರದಾಗೆ ಹೊಲಿದಂಗೈತೆ. ಒಂದು ಒಗೆತಕ್ಕೇ ಬಿಚ್ಚಿಹೋಗ್ತೈತೆ ನೋಡ್ರಿ."

"ಲೇ, ಇದು ರವಿಕೆ ಅಲ್ಲ, ಆರ್ಕಿಟೆಕ್ಚರ್ರು," ಎಂದರು ಜಂಪಣ್ಣನವರು. ಆರ್ಕಿಟೆಕ್ಚರ್ ಎಂಬ ಪದವನ್ನು ಅವರು ಆ ಮಳಿಗೆಯಲ್ಲಿ ಬಳಸಿದ್ದು ಅದೇ ಮೊದಲು.

ಪರದೆಯ ಮೇಲೆ ಅವರು ಒಂದೊಂದು ಅಕ್ಷರವನ್ನು ಹಲಸಿನ ಹಣ್ಣಿನಷ್ಟು ದೊಡ್ಡದು ಮಾಡಿ ನೋಡಿ ಸಂತೋಷಪಟ್ಟಿದ್ದರು. ಕಾಗದಕ್ಕೆ ಇಳಿಯುವಾಗ ಅದು ರಾಗಿ ಕಾಳಿನಷ್ಟಾಗುತ್ತದೆ ಎಂಬುದು ಇಪ್ಪತ್ತೆರಡು ವರ್ಷದ ಅನುಭವಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹೆಮ್ಮೆಯ ಹೊತ್ತಿನಲ್ಲಿ ಅನುಭವ ನೆನಪಾಗುವುದು ಅಪರೂಪ. ಶನಿವಾರ ಎರಡು ಪ್ರತಿ ಅಚ್ಚಾದವು. ಹಾಳೆ ಮುದುಡೀತೆಂದು ಬಿಚ್ಚಿಯೂ ನೋಡದೆ ಸುತ್ತಿ, ಒಂದನ್ನು ಮುರುಗಪ್ಪನವರ ಊರಿನ ಪಂಚಾಯ್ತಿಗೆ, ಇನ್ನೊಂದನ್ನು ಅವರ ಮನೆಗೆ ಕಳಿಸಿದರು. ಮನೆಯ ಪ್ರತಿಯನ್ನು ಅರಿಶಿನ ಕುಂಕುಮ ಹಚ್ಚಿ ಪೂಜೆಯ ಹೊತ್ತಿಗೇ ಬಿಚ್ಚಬೇಕೆಂದು ಪೂಜೆ ಮಾಡಿಸುವ ಅಯ್ಯನೋರು ಶಿವಯ್ಯನವರ ಅಪ್ಪಣೆಯಾಗಿತ್ತು.

ಆ ಮಧ್ಯಾಹ್ನವೇ ಪಂಚಾಯ್ತಿಯ ಪಿಡಿಒ ಎರ್ರಿಸ್ವಾಮಿಯವರ ಫೋನು ಬಂತು. ಜಂಪಣ್ಣನವರು ಊಟಕ್ಕೆ ಕೂತಿದ್ದರಿಂದ ಶಾಂತಕ್ಕ ಸ್ಪೀಕರಿಗೆ ಹಾಕಿ ಮುಂದೆ ಹಿಡಿದಳು.

"ಏನಪ್ಪ ಜಂಪಣ್ಣ, ಈ ಮನೇಲಿ ಒಟ್ಟು ಎಷ್ಟು ಕೋಣ?"

"ಐದು ಸಾರ್. ಎಲ್ಲದಕ್ಕೂ ಒಂದೊಂದು ಕಿಟಕಿ ಕೊಟ್ಟೀನಿ."

ಅತ್ತ ಕಡೆ ಹಾಳೆ ತಿರುವಿದ ಸದ್ದು. "ಅತಿಥಿದಕ್ಕೂ?"

"ಅತಿಥಿದಕ್ಕೆ ಅಟ್ಯಾಚ್ಡ್ ಬಾತ್‌ರೂಮು ಸಾರ್."

"ಕೋಣಕ್ಕೆ ಬಾತ್‌ರೂಮಾ?"

"ಈಗ ಎಲ್ಲಾರೂ ಕೇಳ್ತಾರೆ ಸಾರ್. ಬಿಸಿನೀರಿನ ಲೈನೂ ಎಳೆದೀನಿ."

ಎರ್ರಿಸ್ವಾಮಿಯವರು, ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಂಥದ್ದು ನೋಡಿಲ್ಲ, ಸೋಮವಾರ ಖುದ್ದು ಸ್ಥಳಕ್ಕೇ ಬರುತ್ತೇನೆ ಎಂದು ಫೋನಿಟ್ಟರು. ಜಂಪಣ್ಣನವರ ಕಿವಿಗೆ ಇದು ಮೆಚ್ಚುಗೆಯಂತೆ ಕೇಳಿಸಿತು. ಅವರು ಕೋಣ ಕೋಣ ಅನ್ನುತ್ತಿದ್ದರಲ್ಲ ಎಂದು ಶಾಂತಕ್ಕ ಕೇಳಿದ್ದಕ್ಕೆ, ಎರ್ರಿಸ್ವಾಮಿ ಬಳ್ಳಾರಿ ಕಡೆಯವರು, ಆ ಕಡೆಯ ಕನ್ನಡವೇ ಹಾಗೆ ಎಂದು ಅನ್ನಕ್ಕೆ ಸಾರು ಹಾಕಿಸಿಕೊಂಡರು. ಬಳ್ಳಾರಿಯ ಜನರ ಮೇಲೆ ಅನ್ಯಾಯವಾಗಿ ಬಿದ್ದ ಆ ಆರೋಪ ಸೋಮವಾರದವರೆಗೆ ಹಾಗೇ ಇತ್ತು.

ಅಷ್ಟರಲ್ಲಿ ಪಂಚಾಯ್ತಿಯಿಂದ ಟೀ ಅಂಗಡಿಗೆ, ಟೀ ಅಂಗಡಿಯಿಂದ ಊರಿಗೆ ಸುದ್ದಿ ಹೋಯಿತು. ಮೊದಲು ಮುರುಗಪ್ಪ ಮನೆಯೊಳಗೆ ಐದು ಕೋಣ ಸಾಕುತ್ತಾನಂತೆ ಎಂದಾಯಿತು. ಸಂಜೆಯ ಹೊತ್ತಿಗೆ, ಸಾಕಲಿಕ್ಕಲ್ಲ, ಕಡಿಯಲಿಕ್ಕೆ ಎಂದಾಯಿತು. ಲಿಂಗ ಕಟ್ಟಿದ ಮನೆ, ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಭಾನುವಾರ ಪಾರ್ವತಮ್ಮ ಶಾಂತಕ್ಕನಿಗೆ ಫೋನು ಮಾಡಿ, ಊರಲ್ಲಿ ಯಾರೂ ಮುಖ ಕೊಟ್ಟು ಮಾತಾಡುತ್ತಿಲ್ಲ, ಏನೋ ಕೋಣ ಎನ್ನುತ್ತಾರೆ ಎಂದರು. ಮರುಗಳಿಗೆಗೇ ಅದನ್ನು ಬದಿಗಿಟ್ಟು, ತಮ್ಮದನ್ನು ಬರೆದಿದ್ದೀರಾ ಎಂದು ಕೇಳಿದರು.

"ಬರೆದೈತೆ," ಎಂದಳು ಶಾಂತಕ್ಕ. "ನಾನೇ ಕಣ್ಣಾರೆ ನೋಡೀನಿ."

ಅತ್ತ ಕಡೆ ಪಾರ್ವತಮ್ಮ ಉಸಿರು ಬಿಟ್ಟದ್ದು ಇತ್ತ ಕಡೆ ಕೇಳಿಸಿತು.

ಸೋಮವಾರ ಗಂಡ ಹೆಂಡತಿ ಸ್ಕೂಟರಿನಲ್ಲಿ ಹೋಗಿ ಇಳಿದಾಗ ನಿವೇಶನದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಜನ ಸೇರಿದ್ದರು. ಗುದ್ದಲಿಗೆ ಹೂವು ಸುತ್ತಿತ್ತು, ಕಾಯಿ ಒಡೆದಿರಲಿಲ್ಲ. ಶಿವಯ್ಯನವರು ಆರತಿ ತಟ್ಟೆಯನ್ನು ಕೆಳಗಿಟ್ಟು, ಕೋಣದ ವಿಷಯ ಇತ್ಯರ್ಥವಾಗದೆ ತಾವು ಮಂತ್ರ ಹೇಳುವುದಿಲ್ಲವೆಂದು ಕೈಕಟ್ಟಿ ನಿಂತಿದ್ದರು. ಮುರುಗಪ್ಪನವರ ಮುಖ ಕೆಂಪಾಗಿತ್ತು. ಹೊಳಲ್ಕೆರೆಯಿಂದ ಬಂದಿದ್ದ ಬೀಗರು ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ಮಾತನ್ನು ಹಿಂದೆಗೆದುಕೊಳ್ಳಲು ಬಸ್ಸು ಎಷ್ಟು ಹೊತ್ತಿಗಿದೆ ಎಂದು ವಿಚಾರಿಸುತ್ತಿದ್ದರು.

ಎರ್ರಿಸ್ವಾಮಿಯವರು ಫೈಲು ಬಿಚ್ಚಿ, ತಮ್ಮ ಆಕ್ಷೇಪಣೆಯನ್ನು ಸರ್ಕಾರಿ ಧಾಟಿಯಲ್ಲಿ ಓದಿದರು. "ಸದರಿ ಕಟ್ಟಡದಲ್ಲಿ ಒಟ್ಟು ಐದು ಕೋಣಗಳನ್ನು ಪ್ರಸ್ತಾಪಿಸಲಾಗಿದ್ದು, ಅವುಗಳ ಪೈಕಿ ಒಂದು ಮಲಗಿರುತ್ತದೆ. ಪಶುವೈದ್ಯರ ಅಭಿಪ್ರಾಯ ಲಗತ್ತಿಸಿರುವುದಿಲ್ಲ."

ಜಂಪಣ್ಣನವರು ಪ್ಲಾನನ್ನು ಕಸಿದುಕೊಂಡು ನೋಡಿದರು. ನೋಡಿದವರೇ ಪಕ್ಕದ ಜಲ್ಲಿ ರಾಶಿಯ ಮೇಲೆ ಕುಕ್ಕರಿಸಿದರು. ನವವಧುವಿನ ಮುಂಗುರುಳು ಕಾಗದಕ್ಕೆ ಇಳಿದಿರಲಿಲ್ಲ. ದೀರ್ಘದ ಆಸರೆ ಇಲ್ಲದ ಎತ್ವಗಳೆಲ್ಲ ಗಾಳಿಗೆ ಹಾರಿಹೋಗಿದ್ದವು. ಅಡುಗೆ ಮನೆ ಎಂಬುದು 'ಅಡುಗ ಮನ'ವಾಗಿತ್ತು. ದೇವರ ಮನೆ 'ದೇವರ ಮನ'ವಾಗಿತ್ತು, ಅದು ಪರವಾಗಿಲ್ಲ. ಆದರೆ ಕೋಣೆಗಳೆಲ್ಲ ಒಂದೂ ಬಿಡದೆ ಕೋಣಗಳಾಗಿದ್ದವು. ಕೋ ಅಕ್ಷರ ಮಾತ್ರ ತನ್ನ ಕೊಂಬು, ದೀರ್ಘ ಉಳಿಸಿಕೊಂಡಿತ್ತು. ಕೊಂಬೂ ಇದೆ, ಬಾಲವೂ ಇದೆ. ಕೋಣವೆಂದು ನಂಬಲು ಪಂಚಾಯ್ತಿಗೆ ಇನ್ನೇನು ಪುರಾವೆ ಬೇಕು?

"ಫಾಂಟಿನ ತಪ್ಪು ಅಯ್ನೋರೆ," ಎಂದರು ಜಂಪಣ್ಣನವರು ಕ್ಷೀಣವಾಗಿ. "ಫಾಂಟು ಸರಿಯಾಗಿ ಕೂತಿಲ್ಲ."

ಶಿವಯ್ಯನವರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಪ್ಯಾಂಟು ಸರಿಯಾಗಿ ಕೂರದಿದ್ರೆ ಮನೇಲಿ ಹೆಂಡ್ತಿ ಹತ್ರ ಹೊಲಿಸ್ಕಬೇಕು. ನಮ್ಮ ಪೂಜೆ ಯಾಕಪ್ಪ ಕೆಡಿಸ್ತೀ?"

ಜನ ನಕ್ಕರು. ಶಾಂತಕ್ಕ ನಗಲಿಲ್ಲ. ಹೆಂಗಸರ ಗುಂಪಿನಲ್ಲಿ ನಿಂತಿದ್ದ ಪಾರ್ವತಮ್ಮ ಕಾಲ ಹೆಬ್ಬೆರಳ ಮೇಲೆ ನಿಂತು ಕಾಗದವನ್ನು ಓದಲು ನೋಡುತ್ತಿದ್ದದ್ದು ಅವಳಿಗೆ ಕಾಣುತ್ತಿತ್ತು. ಅಷ್ಟು ದೂರಕ್ಕೆ ಆ ರಾಗಿ ಕಾಳುಗಳು ಕಾಣುವಂತಿರಲಿಲ್ಲ.

ಮುರುಗಪ್ಪನವರು ಪ್ಲಾನನ್ನು ಕೈಗೆತ್ತಿಕೊಂಡು, ಇದನ್ನು ಹರಿದು ಒಲೆಗೆ ಹಾಕುತ್ತೇನೆ, ನಾಳೆಯೇ ಚೇತನ್‌ಕುಮಾರನಿಂದ ಬೇರೆ ಬರೆಸುತ್ತೇನೆ, ಇಂಗ್ಲಿಷಿನಲ್ಲೇ ಬರೆಸುತ್ತೇನೆ ಎಂದು ಕೂಗಾಡಿದರು. ಶಾಂತಕ್ಕ ಲೆಕ್ಕ ಹಾಕಿದಳು. ಬೇರೆ ಪ್ಲಾನು ಎಂದರೆ ಬೆರಳು ಮಡಚಿ ಹೇಳಿದ ನಾಲ್ಕು ಕೋಣೆ, ಜೊತೆಗೊಂದು ಉಗ್ರಾಣ. ಅಷ್ಟರಲ್ಲಿ ಮುರುಗಪ್ಪನವರು ಹರಿಯುವ ಮೊದಲು ಈ ಘನಕಾರ್ಯ ಎಲ್ಲರಿಗೂ ತಿಳಿಯಲಿ ಎಂದು ಒಂದೊಂದಾಗಿ ಓದತೊಡಗಿದರು. ಜೋರು ದನಿ, ಮೊದಲೇ ಹೇಳಿದೆ.

"ಮಲಗುವ ಕೋಣ. ಮಕ್ಕಳ ಕೋಣ. ಅತಿಥಿ ಕೋಣ," ಎನ್ನುವಾಗ ಬೀಗರು ಕುರ್ಚಿ ಬಿಟ್ಟು ಎದ್ದರು. "ಯಜಮಾನರ ಕೋಣ. ಪಾರ್ವತಮ್ಮನವರ ಕೋ..."

ಮುರುಗಪ್ಪನವರು ನಿಲ್ಲಿಸಿದರು. ತಡವಾಗಿತ್ತು. ಉಳಿದ ಅರ್ಧವನ್ನು ಜನರೇ ಮನಸ್ಸಿನಲ್ಲಿ ಪೂರ್ತಿ ಮಾಡಿಕೊಂಡಿದ್ದರು. ಸೇರಿದ್ದವರೆಲ್ಲರ ಕಣ್ಣೂ ಒಟ್ಟಿಗೆ ಮುರುಗಪ್ಪನವರ ಮೇಲೆ ನೆಟ್ಟವು. ಅವರ ಅಗಲವಾದ ಹೆಗಲು, ಕೆಂಪಾದ ಕಣ್ಣು, ಮೂಗಿನಿಂದ ಬಿಡುತ್ತಿದ್ದ ಬಿಸಿಯುಸಿರು. ಹೆಂಗಸರ ಗುಂಪಿನಲ್ಲಿ ಯಾರೋ ಒಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಎರ್ರಿಸ್ವಾಮಿಯವರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಅವರ ಹೊಟ್ಟೆ ಮಾತ್ರ ಫೈಲಿನ ಕೆಳಗೆ ಕುಣಿಯುತ್ತಿತ್ತು.

"ಇದು ಯಾರು ಬರೆದದ್ದು?" ಮುರುಗಪ್ಪನವರು ಕೇಳಿದರು. "ಯಾವುದು ಪಾರ್ವತಿ ಕೋಣ?"

ಜಂಪಣ್ಣನವರು ಶಾಂತಕ್ಕನನ್ನು ನೋಡಿದರು. ಶಾಂತಕ್ಕ ಪಾರ್ವತಮ್ಮನನ್ನು ನೋಡಿದಳು. ಬರೆದಿದ್ದರೆ ಅದೇ ಹೇಳುತ್ತದೆ ಎಂದು ನಂಬಿದ್ದ ಹೆಂಗಸು ಅವರು. ಬರೆದದ್ದು ಹೀಗೆ ಕೈಕೊಟ್ಟು, ಹೇಳುವ ಕೆಲಸ ತಿರುಗಿ ಅವರ ಬಾಯಿಗೇ ಬಂದು ನಿಂತಿತ್ತು. ಪಾರ್ವತಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಂಪಿನಿಂದ ಈಚೆ ಬಂದರು. ಗಂಡನ ಕೈಯಿಂದ ಕಾಗದ ತೆಗೆದುಕೊಂಡು, ಬೆರಳಿಟ್ಟು, ನಿಧಾನವಾಗಿ ಓದಿದರು.

"ಕೋಣ ಅಲ್ಲ. ಕೋಣೆ," ಎಂದರು. ಎತ್ವವನ್ನು ಅಷ್ಟು ಸ್ಪಷ್ಟವಾಗಿ ಆ ಊರಿನಲ್ಲಿ ಮೇಷ್ಟ್ರು ಕೂಡ ಉಚ್ಚರಿಸಿರಲಿಲ್ಲ. "ಇದು ನಂದು. ಬಾಗಿಲು ಐತೆ, ಕಿಟಕಿ ಐತೆ. ಉಗ್ರಾಣ ಹಿತ್ತಲಾಗೆ ಕಟ್ಟಿಸ್ಕಳ್ರಿ."

ಮುರುಗಪ್ಪನವರು ಏನೋ ಹೇಳಲು ಬಾಯಿ ತೆರೆದರು. ಆಗ ಎರ್ರಿಸ್ವಾಮಿಯವರು ಪೆನ್ನಿನ ಮುಚ್ಚಳ ತೆಗೆದು, ಅತ್ಯಂತ ವಿನಯದಿಂದ ಕೇಳಿದರು.

"ದಾಖಲೆಗೆ ಬೇಕು ಯಜಮಾನ್ರೆ. ಪಾರ್ವತಮ್ಮನೋರ ಕೋಣೆ ಅಂತ ತಿದ್ದಲಾ, ಇಲ್ಲಾ ಕೋಣ ಅಂತಾನೇ ಇರ್ಲಾ?"

ಮುರುಗಪ್ಪನವರು ಜನರನ್ನು ನೋಡಿದರು, ಬೀಗರನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಇಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ ನೋಡುವವರಂತೆ ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಹೆಂಡತಿಗೆ ಕೋಣೆ ಇಲ್ಲವೆಂದರೆ ಕೋಣ ಇರಲೇಬೇಕಾಗುತ್ತಿತ್ತು. ಆ ಕೋಣ ಯಾರೆಂದು ಊರು ಆಗಲೇ ತೀರ್ಮಾನಿಸಿಬಿಟ್ಟಿತ್ತು.

"ಕೋಣೆನೇ," ಎಂದರು. ಜೋರು ದನಿ ಎಲ್ಲಿಗೋ ಹೋಗಿತ್ತು. "ಕೋಣೆ ಅಂತಾನೇ ಬರ್ಕಳ್ರಿ."

ಶಾಂತಕ್ಕ ಎರ್ರಿಸ್ವಾಮಿಯವರ ಕೈಯಿಂದ ಪೆನ್ನು ಇಸಿದುಕೊಂಡಳು. ಜಂಪಣ್ಣನವರು ಜಲ್ಲಿ ರಾಶಿಯಿಂದ ಎದ್ದು ಬಂದು ಎರಡೂ ಹಾಳೆಗಳನ್ನು ಸ್ಕೂಟರಿನ ಸೀಟಿನ ಮೇಲೆ ಬಿಡಿಸಿ ಹಿಡಿದರು. ಅವಳು ಬಿದ್ದುಹೋದ ಎತ್ವಗಳನ್ನೆಲ್ಲ ಒಂದೊಂದಾಗಿ ತಿದ್ದಿ ಎಬ್ಬಿಸಿದಳು. ಪಾರ್ವತಮ್ಮನ ಕೋಣೆಯ ಎತ್ವವನ್ನು ಮಾತ್ರ ಎರಡು ಸಲ ತಿದ್ದಿದಳು, ಎರಡೆಳೆ ಇರಲಿ ಎಂದು. ಶಿವಯ್ಯನವರು ಕನ್ನಡಕ ಹಾಕಿಕೊಂಡು ಪರಿಶೀಲಿಸಿ, ಮನೆ ಶುದ್ಧವಾಯಿತು ಎಂದು ಆರತಿ ತಟ್ಟೆ ಎತ್ತಿದರು. ಬೀಗರ ಬಸ್ಸು ಹೋಯಿತು. ಅವರು ಊಟಕ್ಕೆ ಉಳಿದರು.

ಜಂಪಣ್ಣನವರು ಮರುದಿನ ನಾನೂರ ಹನ್ನೊಂದು ಅಕ್ಷರಗಳನ್ನು ಕಂಪ್ಯೂಟರಿನಿಂದ ತೆಗೆದರು. ಉಳಿಸಿಕೊಂಡದ್ದು ಒಂದು, ಶಾಂತಕ್ಕ ಆರಿಸಿದ್ದು. ದಪ್ಪಗೆ, ಬೆಂಕಿಕಡ್ಡಿಯಂತೆ, ಯಾವ ಬಳುಕೂ ಇಲ್ಲದ್ದು.

ಮನೆ ಮುಗಿಯಲು ಹನ್ನೊಂದು ತಿಂಗಳಾಯಿತು. ಗೃಹಪ್ರವೇಶದ ಮುಂದಿನ ವಾರ ಶಾಂತಕ್ಕ ಪರದೆ ಹೊಲಿದುಕೊಂಡು ಹೋದಳು. ಕಿಟಕಿಗೆ ಮೂರು ಅಡಿ, ಹಸಿರು ಬಟ್ಟೆ. ಕೋಣೆಯಲ್ಲಿ ಒಂದು ಮಂಚ, ಒಂದು ಟ್ರಂಕು, ಗೋಡೆಯಲ್ಲಿ ಕನ್ನಡಿ, ಬೇರೇನಿಲ್ಲ. ಪಾರ್ವತಮ್ಮ ಬಾಗಿಲು ಹಾಕಿದರು. ಇಬ್ಬರೂ ಮಂಚದ ಮೇಲೆ ಕೂತು ಏನೂ ಮಾತಾಡದೆ ಚಹಾ ಕುಡಿದರು.

ಹೊರಗಿಂದ ಬಾಗಿಲು ತಟ್ಟಿದ ಸದ್ದು. ಮೆಲ್ಲಗೆ, ಎರಡೇ ಸಲ.

"ಯಾರದು?" ಪಾರ್ವತಮ್ಮ ಏಳಲಿಲ್ಲ.

ಹೊರಗೆ ಗಂಟಲು ಸರಿ ಮಾಡಿಕೊಂಡದ್ದು ಕೇಳಿತು.

"ನಿನ್ನ ಕೋಣ," ಎಂದಿತು ದನಿ. "ಒಳಗೆ ಬರ್ಲಾ?"

ಪಾರ್ವತಮ್ಮ ಲೋಟದ ತಳದಲ್ಲಿದ್ದ ಚಹಾವನ್ನು ಪೂರ್ತಿ ಕುಡಿದು ಮುಗಿಸಿ, ಆಮೇಲೆ ಹೋಗಿ ಅಗಳಿ ತೆಗೆದರು.